‘ಸಪೋಜ್’ ಎಂಬ ಶಬ್ದದ ಅರ್ಥವಿಚಾರ

ಇಂಗ್ಲಿಷಿನ ‘ಸಪೋಜ್’ ಎಂಬ ಕ್ರಿಯಾಪದವು ನಮಗೆಲ್ಲ ಎಷ್ಟು ಪರಿಚಿತವೆಂದರೆ ಅದರ ಅರ್ಥವನ್ನು ಕೇಳುವವರೇ ಇಲ್ಲ. ಕೋಥರೂಡದ ಕನ್ನಡ ಮನೆಗಳಲ್ಲಿ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಬೀದಿಯಲ್ಲಿ ಮರಾಠಿಯನ್ನೂ ಅಡುಗೆಮನೆಯಲ್ಲಿ ಕನ್ನಡವನ್ನೂ ಆಡುತ್ತ ಬೆಳೆಯುತ್ತಾರೆ. ಅಂಥ ಮಗು ‘ಸಪೋಜ್ ಅವನು ಬರಲಿಲ್ಲ ಅಂದ್ರ?’ ಎಂದಾಗ ಹಿರಿಯರು ಕಿವಿ ನಿಮಿರಿಸುವುದಿಲ್ಲ. ಅದೇ ಮಗು ‘ನಾನು ನಿನ್ನೆ ಹೋಗೋಕೆ ಸಪೋಸ್ಡ್ ಇದ್ದೆ’ ಎಂದಾಗ ಮಾತ್ರ ಏನೋ ಒಂದು ಸರಿಹೋಗಲಿಲ್ಲವೆಂದು ತೋರುತ್ತದೆ. ಮೊದಲನೆಯ ವಾಕ್ಯದಲ್ಲಿ ಆ ಶಬ್ದವನ್ನು ತೆಗೆದು ಕನ್ನಡದ್ದನ್ನು ಇಡುವುದು ಸುಲಭ; ಎರಡನೆಯದರಲ್ಲಿ ಯಾವುದನ್ನು ಇಡಬೇಕೆಂದು ಕೇಳಿದರೆ ವಿದ್ಯಾವಂತರೂ ಒಂದು ಕ್ಷಣ ತಡೆಯುತ್ತಾರೆ. ಈ ತಡೆಯ ಕಾರಣವನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ನಿಘಂಟುಗಳನ್ನು ತೆರೆದರೆ ಊಹಿಸು, ಭಾವಿಸು, ಎಣಿಸು, ತಿಳಿ, ಕಲ್ಪಿಸು ಎಂಬ ಸಾಲು ಸಿಕ್ಕುತ್ತದೆ. ಸಾಲೇನೋ ತಪ್ಪಲ್ಲ. ಆದರೆ ಆ ಸಾಲಿನ ಪ್ರತಿಯೊಂದು ಶಬ್ದವೂ ಒಂದೊಂದು ಬೇರೆ ಮನೋವ್ಯಾಪಾರವನ್ನು ಹೇಳುತ್ತದೆ. ಇಂಗ್ಲಿಷಿನ ಒಂದೇ ಶಬ್ದವು ಯಾವ ಎಡೆಯಲ್ಲಿ ಯಾವುದಾಗಿ ನಿಂತಿದೆ ಎಂಬುದನ್ನು ನಿಘಂಟು ಹೇಳುವುದಿಲ್ಲ. ಅದು ವ್ಯಾಕರಣದ ಕೆಲಸವೂ ಹೌದು, ತರ್ಕದ ಕೆಲಸವೂ ಹೌದು.

ಮೊದಲು ವ್ಯುತ್ಪತ್ತಿ. ‘ಸಪೋಜ್’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು. ಲ್ಯಾಟಿನ್ನಿನಲ್ಲಿ ‘ಸಬ್’ ಎಂದರೆ ಕೆಳಗೆ, ‘ಪೋನೆರೆ’ ಎಂದರೆ ಇಡು. ಮಾತಿನ ಕೆಳಗೆ ಆಧಾರವಾಗಿ ಒಂದು ಸಂಗತಿಯನ್ನು ಇಡುವುದು ಎಂದು ಭಾವ. ಗ್ರೀಕರ ‘ಹೈಪಾಥೆಸಿಸ್’ ಎಂಬುದಕ್ಕೂ ಅಕ್ಷರಶಃ ಇದೇ ಅರ್ಥ: ‘ಹೈಪೊ’ ಕೆಳಗೆ, ‘ಥೆಸಿಸ್’ ಇಡುವಿಕೆ. ಇದರ ಜೊತೆಗೆ ಬಳಕೆಯಾಗುವ ‘ಅಸ್ಯೂಮ್’, ‘ಪ್ರಿಸ್ಯೂಮ್’ ಎಂಬವು ‘ಸುಮೆರೆ’, ಅಂದರೆ ತೆಗೆದುಕೊಳ್ಳು, ಎಂಬ ಇನ್ನೊಂದು ಧಾತುವಿನ ಮಕ್ಕಳು. ತನ್ನ ಕಡೆಗೆ ತೆಗೆದುಕೊಳ್ಳುವುದು ಮೊದಲನೆಯದು, ಮುಂಚಿತವಾಗಿಯೇ ತೆಗೆದುಕೊಂಡುಬಿಡುವುದು ಎರಡನೆಯದು. ಇಡುವವನಿಗೂ ತೆಗೆದುಕೊಳ್ಳುವವನಿಗೂ ಭೇದವುಂಟಷ್ಟೆ? ಇಟ್ಟದ್ದನ್ನು ಎತ್ತಿಬಿಡಬಹುದು, ತೆಗೆದುಕೊಂಡದ್ದು ಕೈಯಲ್ಲೇ ಉಳಿಯುತ್ತದೆ. ಇಂಗ್ಲಿಷಿನಲ್ಲಿಯೂ ಚರ್ಚೆಗಾಗಿ ಕ್ಷಣಕಾಲ ಒಪ್ಪಿದ್ದಕ್ಕೆ ‘ಸಪೋಜ್’ ಎಂಬುದೂ, ಪರೀಕ್ಷಿಸದೆಯೇ ನಂಬಿ ನಡೆದದ್ದಕ್ಕೆ ‘ಅಸ್ಯೂಮ್’ ಎಂಬುದೂ ಹೆಚ್ಚಾಗಿ ಒದಗುತ್ತವೆ.

ಇನ್ನು ನಮ್ಮ ಕಡೆಗೆ ನೋಡಿದರೆ, ಲ್ಯಾಟಿನ್ನಿನ ಗಂಧವಿಲ್ಲದ ಕನ್ನಡವೂ ಇದೇ ಉಪಮಾನವನ್ನು ತಾನಾಗಿಯೇ ಹಿಡಿದಿದೆ. ‘ಅವನು ಬರಲಿಲ್ಲ ಎಂದಿಟ್ಟುಕೊಳ್ಳಿ’ ಎನ್ನುತ್ತೇವೆ. ಇಡುವುದು ಇಲ್ಲಿಯೂ ಇದೆ. ಮೇಲಾಗಿ ‘ಕೊಳ್ಳು’ ಸೇರಿ, ಇಡುವವನು ತನ್ನ ಪ್ರಯೋಜನಕ್ಕಾಗಿ ಇಡುತ್ತಾನೆಂಬ ವಿಶೇಷವೂ ಬಂದಿದೆ. ಧಾರವಾಡದ ಕಡೆಯವರು ‘ಬರಲಿಲ್ಲಂತ ತಿಳಕೋರಿ’ ಎನ್ನುತ್ತಾರೆ, ‘ಅಂತ ಹಿಡೀರಿ’ ಎಂದೂ ಹೇಳುವುದುಂಟು. ಮರಾಠಿಯ ‘ಸಮಜಾ’ ಎಂಬುದಕ್ಕೂ ತಿಳಿದುಕೊಳ್ಳಿ ಎಂದೇ ಮೂಲಾರ್ಥ. ‘ಧರೂನ ಚಾಲಾ’ ಎಂಬುದು ಹಿಡಿದು ನಡೆಯಿರಿ ಎಂದಾಗುತ್ತದೆ. ಹಿಂದಿಯ ‘ಮಾನ ಲೀಜಿಯೇ’ ಒಪ್ಪಿಕೊಳ್ಳಿ ಎನ್ನುತ್ತದೆ. ಇಡು, ಹಿಡಿ, ತಿಳಿ, ಒಪ್ಪು ಎಂಬ ನಾಲ್ಕು ಕ್ರಿಯೆಗಳಲ್ಲಿ ನಿಜವನ್ನು ಅತ್ಯಂತ ಕಡಮೆ ಸೋಂಕುವುದು ‘ಇಡು’. ಆದುದರಿಂದ ಶುದ್ಧವಾದ ವಾದಕಲ್ಪನೆಗೆ ‘ಎಂದಿಟ್ಟುಕೊಳ್ಳಿ’ ಎಂಬುದೇ ನಮ್ಮಲ್ಲಿರುವ ಅತ್ಯುತ್ತಮ ರೂಪವೆಂದು ನನ್ನ ಅಭಿಪ್ರಾಯ. ಅದು ಆಡುಮಾತು, ಗ್ರಂಥಕ್ಕೆ ಸಲ್ಲದು ಎಂಬ ಸಂಕೋಚದಿಂದ ನಮ್ಮ ಲೇಖಕರು ಅದನ್ನು ಬಿಟ್ಟು ‘ಊಹಿಸಿರಿ’ ಎಂದು ಬರೆಯುತ್ತ ಬಂದಿರುವುದು ಲಾಭದ ವ್ಯವಹಾರವಲ್ಲ.

ಏಕೆಂದರೆ ಊಹೆಯೆಂಬುದು ನಿಜದ ಕಡೆಗೆ ಮುಖ ಮಾಡಿರುವ ವ್ಯಾಪಾರ. ಮುಚ್ಚಿದ ಮುಷ್ಟಿಯಲ್ಲಿ ಏನಿದೆ ಎಂದು ಊಹಿಸುವವನು ಸರಿಯಾದ ಉತ್ತರವನ್ನೇ ಹುಡುಕುತ್ತಿರುತ್ತಾನೆ. ಊಹೆ ಸುಳ್ಳಾದರೆ ಸೋತಂತೆ. ‘ಸಪೋಜ್’ ಎಂದು ಆರಂಭಿಸುವ ಗಣಿತಜ್ಞನು ಅನೇಕ ವೇಳೆ ಸುಳ್ಳನ್ನೇ ಬೇಕೆಂದು ಇಡುತ್ತಾನೆ. 2ರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯಲು ಬಾರದು ಎಂಬ ಪ್ರಸಿದ್ಧವಾದ ಸಾಧನೆಯನ್ನು ನೆನೆಯಿರಿ. ಅದನ್ನು ಬರೆಯಲು ಬರುತ್ತದೆ ಎಂದೇ ಮೊದಲು ಇಟ್ಟುಕೊಳ್ಳುತ್ತೇವೆ. ಅಂಶ ಛೇದಗಳಿಗೆ ಸಾಮಾನ್ಯ ಅಪವರ್ತನವಿಲ್ಲದಂತೆ ಸಂಕ್ಷೇಪಿಸುತ್ತೇವೆ. ಅಂಶವು ಸಮಸಂಖ್ಯೆಯಾಗಲೇಬೇಕೆಂದು ತೋರುತ್ತದೆ, ಆಮೇಲೆ ಛೇದವೂ ಸಮಸಂಖ್ಯೆಯೇ ಎಂದು ತೋರುತ್ತದೆ. ಎರಡೂ ಸಮವಾದರೆ 2 ಎಂಬುದು ಸಾಮಾನ್ಯ ಅಪವರ್ತನವಾಯಿತು. ಇಲ್ಲವೆಂದದ್ದು ಇದೆಯೆಂದಾಯಿತು, ಆದ್ದರಿಂದ ಮೊದಲು ಇಟ್ಟದ್ದನ್ನು ಎತ್ತಿಹಾಕತಕ್ಕದ್ದು. ಇಲ್ಲಿ ಯಾರೂ ಏನನ್ನೂ ಊಹಿಸಲಿಲ್ಲ. ‘ಭಾವಿಸೋಣ’ ಎಂದು ಬರೆಯುವುದೂ ಅಷ್ಟೇ ಅಸಮಂಜಸ. ಭಾವಿಸುವುದರಲ್ಲಿ ಮನಸ್ಸಿನ ಸಮ್ಮತಿ ಇದೆ. ಚುರುಕಾದ ವಿದ್ಯಾರ್ಥಿ ‘ಸುಳ್ಳೆಂದು ಗೊತ್ತಿದ್ದೂ ಏಕೆ ಭಾವಿಸಬೇಕು?’ ಎಂದು ಕೇಳಿದರೆ ತಪ್ಪು ಅವನದಲ್ಲ, ಭಾಷೆಯದು.

ನಮ್ಮ ಗಣಿತದ ಪುಸ್ತಕಗಳಲ್ಲಿಯೇ ಇದಕ್ಕೆ ಪರಿಹಾರವೂ ಇದೆ ಎಂಬುದು ಸ್ವಾರಸ್ಯ. ‘ಆ ಸಂಖ್ಯೆ ಕ್ಷ ಆಗಿರಲಿ’, ‘ಅ ಬ ಒಂದು ಸರಳರೇಖೆ ಎಂದಿರಲಿ’ ಎಂದು ಅವು ಬರೆಯುತ್ತವೆ. ಈ ‘ಇರಲಿ’ ಎಂಬ ವಿಧಿರೂಪದಲ್ಲಿ ನಂಬಿಕೆಯೂ ಇಲ್ಲ, ಊಹೆಯೂ ಇಲ್ಲ. ಅಪ್ಪಣೆ ಮಾತ್ರ ಇದೆ. ಅಡುಗೆಮನೆಯಲ್ಲಿ ‘ಆ ಡಬ್ಬಿ ಅಲ್ಲೇ ಇರಲಿ’ ಎನ್ನುವ ಧಾಟಿಯೇ ರೇಖಾಗಣಿತಕ್ಕೂ ಒದಗಿತು. ಮಹಾರಾಷ್ಟ್ರದ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳಿಗೆ ಇಲ್ಲಿ ಇನ್ನೊಂದು ಭೇದ ಎದುರಾಗುತ್ತದೆ. ಕನ್ನಡ ಪುಸ್ತಕವು ಪ್ರಮೇಯವನ್ನು ದತ್ತ, ಸಾಧನೀಯ, ಸಾಧನೆ ಎಂದು ವಿಂಗಡಿಸಿದರೆ ಮರಾಠಿ ಪುಸ್ತಕವು ಪಕ್ಷ, ಸಾಧ್ಯ, ಸಿದ್ಧತಾ ಎನ್ನುತ್ತದೆ. ಕೊಟ್ಟದ್ದು ಎಂಬ ಅರ್ಥದ ‘ದತ್ತ’ ಯುರೋಪಿನ ಗಣಿತಪರಂಪರೆಯ ಶಬ್ದದ ನೇರ ಅನುವಾದ. ‘ಪಕ್ಷ’ವಾದರೋ ನ್ಯಾಯಶಾಸ್ತ್ರದ ಅಂಗಳದಿಂದ ಬಂದದ್ದು. ಹಾಗೆಂದು ಕನ್ನಡವು ‘ಪಕ್ಷ’ವನ್ನು ಮರೆತಿದೆಯೆ? ಇಲ್ಲ. ‘ಅವರು ಬಾರದ ಪಕ್ಷದಲ್ಲಿ’ ಎಂದು ನಮ್ಮ ಕಚೇರಿಯ ಕಾಗದಗಳು ಇಂದಿಗೂ ಬರೆಯುತ್ತವೆ. ರೇಖಾಗಣಿತದಲ್ಲಿ ಕಳೆದುಕೊಂಡದ್ದನ್ನು ನಾವು ಗುಮಾಸ್ತರ ಮೇಜಿನ ಮೇಲೆ ಉಳಿಸಿಕೊಂಡಿದ್ದೇವೆ.

ಸುಳ್ಳೆಂದು ತಿಳಿದೂ ಇಡುವ ಈ ಪದ್ಧತಿ ನಮಗೆ ಹೊಸದಲ್ಲ. ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಸಿದ್ಧಾಂತಶಿರೋಮಣಿಯ ಲೀಲಾವತೀ ಭಾಗದಲ್ಲಿ ‘ಇಷ್ಟಕರ್ಮ’ವೆಂಬ ವಿಧಾನವಿದೆ. ಒಂದು ಸಂಖ್ಯೆಗೆ ಅದರ ಅರ್ಧವನ್ನೂ ಮೂರನೆಯ ಒಂದು ಪಾಲನ್ನೂ ಕೂಡಿಸಿದರೆ 55 ಆಗುತ್ತದೆ ಎಂದಿರಲಿ. ಸಂಖ್ಯೆ ಯಾವುದೆಂದು ತಿಳಿಯದು. ನಮಗೆ ಇಷ್ಟವಾದ ಒಂದನ್ನು, 6 ಎಂದು, ಇಟ್ಟುಕೊಳ್ಳುತ್ತೇವೆ. 6, 3, 2 ಕೂಡಿ 11 ಆಯಿತು. ಬೇಕಾದದ್ದು 55, ಅಂದರೆ ಐದು ಮಡಿ. ಆದುದರಿಂದ ಇಟ್ಟದ್ದನ್ನೂ ಐದು ಮಡಿ ಮಾಡಿದರೆ 30, ಅದೇ ಉತ್ತರ. ಇಟ್ಟ 6 ಪೂರ್ತಿ ತಪ್ಪು. ತಪ್ಪಾದರೂ ದಾರಿ ತೋರಿಸಿತು. ಅದಕ್ಕೆ ‘ಇಷ್ಟ’ ಎಂಬ ಹೆಸರು ಎಷ್ಟು ಉಚಿತವಾಗಿದೆ! ಊಹೆಯಾಗಿದ್ದರೆ ಅದಕ್ಕೊಂದು ಕಾರಣ ಬೇಕಿತ್ತು; ಇಷ್ಟಕ್ಕೆ ಕಾರಣ ಬೇಡ.

ಪಶ್ಚಿಮದಲ್ಲಿಯೂ ಇಂಥದೇ ಒಂದು ಕಥೆಯುಂಟು. ಯೂಕ್ಲಿಡನ ಐದನೆಯ ಆಧಾರೋಕ್ತಿಯನ್ನು ಸಿದ್ಧಮಾಡಬೇಕೆಂದು ಇಟಲಿಯ ಸಕ್ಕೇರಿ ಎಂಬವನು 1733ರಲ್ಲಿ ಅದರ ವಿರುದ್ಧವನ್ನು ಇಟ್ಟುಕೊಂಡು ಹೊರಟನು. ಅಸಂಗತಿ ಬಂದೇ ಬರುವುದೆಂದು ಅವನ ನಿರೀಕ್ಷೆ. ಬರಲಿಲ್ಲ, ಬಂದಿತೆಂದು ಅವನು ತನ್ನನ್ನು ತಾನೇ ಒಪ್ಪಿಸಿಕೊಂಡನು. ಸುಮಾರು ನೂರು ವರ್ಷಗಳ ತರುವಾಯ ರಷ್ಯದ ಲೊಬಚೆವ್‌ಸ್ಕಿ 1829ರಲ್ಲಿಯೂ ಹಂಗೇರಿಯ ಬೊಲ್ಯಾಯಿ 1832ರಲ್ಲಿಯೂ ಅದೇ ವಿರುದ್ಧ ಕಲ್ಪನೆಯ ಮೇಲೆ ಒಂದು ಹೊಸ ರೇಖಾಗಣಿತವನ್ನೇ ಕಟ್ಟಿ ಪ್ರಕಟಿಸಿದರು. ಸಕ್ಕೇರಿ ಇಟ್ಟದ್ದೂ ಅವರು ಇಟ್ಟದ್ದೂ ಒಂದೇ. ಎತ್ತಿಹಾಕಬೇಕೆಂಬ ಹಟ ಅವರಿಗಿರಲಿಲ್ಲ.

ಇಷ್ಟು ಮೊದಲನೆಯ ಪ್ರಯೋಗ. ಎರಡನೆಯದು ದುರ್ಬಲವಾದ ನಂಬಿಕೆ. ‘ಅವನು ಮನೆಯಲ್ಲಿದ್ದಾನೆ’ ಎನ್ನುವ ಬದಲು ಇಂಗ್ಲಿಷರವನು ‘ಐ ಸಪೋಜ್’ ಎಂದು ಹಿಂದೆ ಹಚ್ಚಿದರೆ ಹೇಳಿದ್ದರ ತೂಕ ಅರ್ಧವಾಗುತ್ತದೆ. ಇಲ್ಲಿ ಕನ್ನಡಕ್ಕೆ ಬೇರೆ ಕ್ರಿಯಾಪದವೇ ಬೇಕಾಗಿಲ್ಲ. ‘ಇದ್ದಾನೇನೋ’, ‘ಇರಬಹುದು’, ‘ಇರಬೇಕು’, ‘ಇದ್ದಾನು’ ಎಂದು ನಾಲ್ಕು ಮೆಟ್ಟಿಲುಗಳಿವೆ. ‘ಇರಬೇಕು’ ಎಂಬಲ್ಲಿ ಏನೋ ಒಂದು ಕುರುಹು ಕಂಡಿದೆ, ಉದಾಹರಣೆಗೆ ಬಾಗಿಲಲ್ಲಿ ಚಪ್ಪಲಿ. ‘ಇದ್ದಾನೇನೋ’ ಎಂಬಲ್ಲಿ ಕುರುಹೂ ಇಲ್ಲ, ಹೊಣೆಯೂ ಇಲ್ಲ. ‘ಇದ್ದಾನು’, ‘ಬಂದಾನು’, ‘ಬಿದ್ದೀತು’ ಎಂಬ ಸಂಭಾವನಾರೂಪವಂತೂ ಕನ್ನಡದ ಸೊತ್ತು; ಅದರಲ್ಲಿ ಸಾಧ್ಯತೆಯ ಜೊತೆಗೆ ಒಮ್ಮೊಮ್ಮೆ ಎಚ್ಚರಿಕೆಯೂ ಸೇರಿಕೊಳ್ಳುತ್ತದೆ. ಮೆಟ್ಟಿಲಲ್ಲಿ ಓಡುವ ಮಗುವಿಗೆ ‘ಬಿದ್ದೀಯೆ!’ ಎಂದು ಕೂಗುವ ತಾಯಿಯ ಮಾತನ್ನು ಇಂಗ್ಲಿಷಿಗಾಗಲಿ ಮರಾಠಿಗಾಗಲಿ ಅದೇ ಅಳತೆಯಲ್ಲಿ ತರಲಾರೆವು. ನಗರದ ಮಾತಿನಲ್ಲಿ ಈ ರೂಪ ಕ್ಷೀಣಿಸುತ್ತಿದೆ. ನಮ್ಮ ಮಕ್ಕಳು ‘ಬೀಳಬಹುದು’ ಎನ್ನುತ್ತಾರೆ. ಅರ್ಥ ಉಳಿಯಿತು, ಎಚ್ಚರಿಕೆ ಹೋಯಿತು.

ನಿಷೇಧದ ಸ್ಥಾನವನ್ನೂ ಇಲ್ಲಿಯೇ ಗಮನಿಸಬೇಕು. ಇಂಗ್ಲಿಷಿನವನು ‘ಅವನು ಬರುವನೆಂದು ನಾನು ಸಪೋಜ್ ಮಾಡುವುದಿಲ್ಲ’ ಎಂಬ ಧಾಟಿಯಲ್ಲಿ ‘ಇಲ್ಲ’ವನ್ನು ತನ್ನ ಎಣಿಕೆಗೆ ಹಚ್ಚುತ್ತಾನೆ, ಅವನ ಅಭಿಪ್ರಾಯವಾದರೋ ಬರುವುದಿಲ್ಲವೆಂಬುದು. ಕನ್ನಡಿಗನು ‘ಇಲ್ಲ’ವನ್ನು ಬರುವಿಕೆಗೇ ಹಚ್ಚಿ ‘ಅವನು ಬರಲಿಕ್ಕಿಲ್ಲ’ ಎನ್ನುತ್ತಾನೆ. ಅಕ್ಷರಶಃ ಅನುವಾದಿಸುವವರು ‘ಬರುತ್ತಾನೆಂದು ನಾನು ಭಾವಿಸುವುದಿಲ್ಲ’ ಎಂದು ಬರೆಯುತ್ತಾರೆ. ಆ ವಾಕ್ಯವು ಕನ್ನಡದಂತೆ ಕಾಣುತ್ತದೆ, ಕನ್ನಡದಂತೆ ಕೇಳುವುದಿಲ್ಲ. ‘ನನಗೆ ಅನಿಸುತ್ತದೆ’ ಎಂಬ ಇನ್ನೊಂದು ರೂಪದಲ್ಲಿ ಎಣಿಕೆ ಮಾಡುವವನು ಕರ್ತೃವೇ ಅಲ್ಲ. ಎಣಿಕೆ ಅವನಿಗೆ ಬಂದು ತಗಲುತ್ತದೆ, ಹಸಿವೆ ನಿದ್ದೆಗಳು ತಗಲುವಂತೆ. ಮರಾಠಿಯ ‘ಮಲಾ ವಾಟತೇ’ ಎಂಬುದೂ ಹೀಗೆಯೇ.

ಈಗ ಮೂರನೆಯ ಪ್ರಯೋಗ, ತೊಡಕೆಲ್ಲ ಇಲ್ಲಿದೆ. ‘ಸಪೋಜ್ಡ್ ಟು’ ಎಂಬ ಕರ್ಮಣಿರೂಪಕ್ಕೆ ಇಂಗ್ಲಿಷಿನಲ್ಲಿ ಎರಡು ಅರ್ಥಗಳು. ಜನರು ಹಾಗೆನ್ನುತ್ತಾರೆ ಎಂಬುದೊಂದು, ಹಾಗೆ ಮಾಡುವುದು ಕರ್ತವ್ಯ ಎಂಬುದಿನ್ನೊಂದು. ಈ ಕಷಾಯವು ಕೆಮ್ಮಿಗೆ ಒಳ್ಳೆಯದೆಂಬ ಪ್ರತೀತಿಯನ್ನೂ, ಈ ಕಷಾಯವನ್ನು ಊಟದ ಮೇಲೆ ಕುಡಿಯತಕ್ಕದ್ದೆಂಬ ವಿಧಿಯನ್ನೂ ಅವರು ಒಂದೇ ಪದಗುಚ್ಛದಿಂದ ಹೇಳುತ್ತಾರೆ. ಎರಡನ್ನೂ ಇಂಗ್ಲಿಷರು ಉಚ್ಚಾರದಲ್ಲಿ ಬೇರೆಮಾಡಿರುವುದನ್ನು ಕಿವಿಗೊಟ್ಟವರು ಬಲ್ಲರು: ಪ್ರತೀತಿಯ ಅರ್ಥದಲ್ಲಿ ನಡುವಣ ಅಕ್ಷರ ಘೋಷವಾಗಿ ‘ಪೋಜ್ಡ್’ ಎಂದು ಉಳಿಯುತ್ತದೆ, ವಿಧಿಯ ಅರ್ಥದಲ್ಲಿ ಅದು ಅಘೋಷವಾಗಿ ‘ಸಪೋಸ್ಟ’ ಎಂದು ಕುಗ್ಗುತ್ತದೆ. ಬರಹದಲ್ಲಿ ಒಂದೇ ಆಗಿರುವುದು ಬಾಯಲ್ಲಿ ಎರಡಾಗಿದೆ.

ಕನ್ನಡವು ಇವುಗಳನ್ನು ಎಂದೂ ಒಂದು ಮಾಡಿಲ್ಲ. ಪ್ರತೀತಿಗೆ ‘ಅಂತೆ’ ಇದೆ: ‘ಅವರು ದೊಡ್ಡ ಪಂಡಿತರಂತೆ.’ ಹೇಳಿದವರಾರು ಎಂಬುದು ಇಲ್ಲಿಲ್ಲ. ಒಂದಿಷ್ಟು ಸಂಶಯದ ಒಗ್ಗರಣೆಯೂ ಬಿದ್ದಿದೆ. ವಿಧಿಗೆ ‘ಬೇಕು’, ‘ತಕ್ಕದ್ದು’ ಇವೆ. ಇವೆರಡರ ನಡುವೆ ಯೋಜನೆಯೆಂಬ ಮೂರನೆಯದೊಂದುಂಟು. ಮಗುವಿನ ‘ಹೋಗೋಕೆ ಸಪೋಸ್ಡ್ ಇದ್ದೆ’ ಎಂಬ ವಾಕ್ಯ ನಮ್ಮನ್ನು ತಡೆದದ್ದು ಇದಕ್ಕಾಗಿಯೇ. ‘ನಾನು ಹೋಗಬೇಕಾಗಿತ್ತು’ ಎಂದರೆ ಹೊಣೆ ಇತ್ತು, ಹೋಗಲಿಲ್ಲ, ಒಂದಿಷ್ಟು ಪಶ್ಚಾತ್ತಾಪವೂ ಇರಬಹುದು. ‘ನಾನು ಹೋಗುವವನಿದ್ದೆ’ ಎಂದರೆ ನನ್ನದೇ ಸಂಕಲ್ಪವಿತ್ತು. ‘ನಾನು ಹೋಗುತ್ತೇನೆಂದು ಅವರು ತಿಳಿದಿದ್ದರು’ ಎಂದರೆ ಎಣಿಕೆ ಅವರದು, ನಾನು ಒಪ್ಪಿಕೊಂಡಿದ್ದೆನೋ ಇಲ್ಲವೋ. ಇಂಗ್ಲಿಷಿನ ಗುಚ್ಛವು ಈ ಮೂರನ್ನೂ ಮುಚ್ಚಿಡುತ್ತದೆ. ಎಣಿಸಿದವರು ಯಾರು ಎಂಬುದನ್ನು ಹೇಳದಿರುವುದೇ ಅದರ ಅನುಕೂಲ. ಕಚೇರಿಗಳಲ್ಲಿ ಅದು ಅಷ್ಟು ಜನಪ್ರಿಯವಾಗಿರುವುದಕ್ಕೆ ಇದೇ ಕಾರಣವಾಗಿದ್ದೀತು: ‘ಆ ವರದಿ ಸೋಮವಾರ ಬರಲು ಸಪೋಸ್ಡ್ ಇತ್ತು’ ಎಂದರೆ ಯಾರ ತಲೆಯ ಮೇಲೂ ಹೊಣೆ ಬೀಳುವುದಿಲ್ಲ. ಕನ್ನಡದಲ್ಲಿ ಹೇಳಹೊರಟರೆ, ಕೊಡಬೇಕಾಗಿದ್ದವನು ಯಾರು, ಕೊಡುತ್ತೇನೆಂದವನು ಯಾರು ಎಂಬುದನ್ನು ಬಾಯಿ ಬಿಟ್ಟು ಹೇಳಬೇಕಾಗುತ್ತದೆ. ಮರಾಠಿಯಲ್ಲಿಯೂ ‘ಜಾಯಲಾ ಹವೇ ಹೋತೇ’ ಬೇರೆ, ‘ಜಾಣಾರ ಹೋತೋ’ ಬೇರೆ. ಎರಡನೆಯದು ನಮ್ಮ ಬೆಳಗಾವಿ ಧಾರವಾಡಗಳ ‘ಹೋಗಾಂವ ಇದ್ದೆ’ ಎಂಬುದಕ್ಕೆ ಸರಿಜೋಡಿ. ಹೀಗಿರುವಾಗ ಪುಣೆಯ ಕನ್ನಡ ಮಗುವಿಗೆ ಈ ಭೇದವನ್ನು ಕಲಿಸಲು ಮರಾಠಿಯೇ ನೆರವಾಗಬಲ್ಲದು, ಇಂಗ್ಲಿಷು ಆಗಲಾರದು.

ವಿಧಿಗೆ ನಿಷೇಧ ಸೇರಿದಾಗ ತೊಡಕು ಅಪಾಯವಾಗುತ್ತದೆ. ಹೀಗೆಂದಿಟ್ಟುಕೊಳ್ಳೋಣ: ಧಾರವಾಡದಿಂದ ಮಗನ ಮನೆಗೆ ಬಂದ ಅಜ್ಜಿಯನ್ನು ಮೊಮ್ಮಗನು ವೈದ್ಯರಲ್ಲಿಗೆ ಕರೆದೊಯ್ದಿದ್ದಾನೆ. ಹಸಿದ ಹೊಟ್ಟೆಯಲ್ಲಿ ಈ ಗುಳಿಗೆಯನ್ನು ತೆಗೆದುಕೊಳ್ಳಲು ‘ನಾಟ್ ಸಪೋಜ್ಡ್’ ಎಂದು ವೈದ್ಯರು ಇಂಗ್ಲಿಷಿನಲ್ಲಿ ಹೇಳುತ್ತಾರೆ. ಹುಡುಗನ ಮನಸ್ಸಿನಲ್ಲಿ ‘ಸಪೋಜ್ಡ್’ ಎಂದರೆ ‘ಬೇಕು’, ‘ನಾಟ್’ ಎಂದರೆ ‘ಇಲ್ಲ’. ಅವನು ‘ಅಜ್ಜೀ, ಹಸದ ಹೊಟ್ಟಿಲೆ ತಗೋಬೇಕಾಗಿಲ್ಲ’ ಎನ್ನುತ್ತಾನೆ. ‘ಹಂಗಾರ ಯಾವಾಗ ತಗೊಂಡ್ರೂ ನಡೀತದ’ ಎಂದು ಅಜ್ಜಿ ತಿಳಿದುಕೊಳ್ಳುತ್ತಾಳೆ; ಕನ್ನಡದ ಪ್ರಕಾರ ಅವಳು ತಿಳಿದದ್ದೇ ಸರಿ. ‘ಬೇಕಾಗಿಲ್ಲ’ ಎಂಬುದು ಅಗತ್ಯವನ್ನು ತೆಗೆಯುತ್ತದೆ, ಕೆಲಸವನ್ನು ತಡೆಯುವುದಿಲ್ಲ. ತಡೆಯುವುದು ‘ಬಾರದು’, ‘ಕೂಡದು’. ಇಂಗ್ಲಿಷಿನಲ್ಲಿ ನಿಷೇಧವು ‘ಸಪೋಜ್ಡ್’ ಎಂಬುದರ ಹಿಂದೆ ನಿಂತಿದ್ದರೂ ಅದು ಹೋಗಿ ತಾಗುವುದು ಮುಂದಿನ ಕ್ರಿಯೆಯನ್ನು. ಬರಲಿಕ್ಕಿಲ್ಲ ಎಂಬ ಮೇಲಿನ ಉದಾಹರಣೆಯಲ್ಲಿ ಕಂಡದ್ದು ಇದೇ ಚಲನೆ. ಕನ್ನಡದಲ್ಲಿ ನಿಷೇಧವು ಎಲ್ಲಿ ನಿಂತಿದೆಯೋ ಅಲ್ಲಿಯೇ ತಾಗುತ್ತದೆ. ಇದೊಂದು ವ್ಯಾಕರಣಸೂತ್ರವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಟ್ಟರೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟದ್ದಕ್ಕಿಂತ ಬೇಗನೆ ಪ್ರಯೋಜನಕ್ಕೆ ಬಂದೀತು.

ಎಣಿಕೆಯ ಶಬ್ದವು ಕರ್ತವ್ಯದ ಶಬ್ದವಾಗುವುದು ಇಂಗ್ಲಿಷಿನ ಒಂದು ವಿಲಕ್ಷಣವೆಂದು ತೋರಬಹುದು. ಹಾಗಲ್ಲ. ಅರಬ್ಬಿಯಿಂದ ಉರ್ದುವಿಗೆ ಬಂದ ‘ಫರ್ಜ್’ ಎಂಬುದಕ್ಕೆ ಕರ್ತವ್ಯವೆಂದೂ ಅರ್ಥ, ‘ಫರ್ಜ್ ಕರೋ’ ಎಂದಾಗ ಇಟ್ಟುಕೊಳ್ಳಿ ಎಂದೂ ಅರ್ಥ. ಆದರೆ ದಾರಿಗಳು ಬೇರೆ. ಅರಬ್ಬಿಯಲ್ಲಿ ವಿಧಿಸುವುದು ಮೊದಲು. ವಾದಕ್ಕಾಗಿ ಒಂದನ್ನು ವಿಧಿಸಿಕೊಳ್ಳುವುದು ಅದರಿಂದ ಬಂದದ್ದು. ಇಂಗ್ಲಿಷಿನಲ್ಲಿ ಎಣಿಕೆ ಮೊದಲು. ಎಲ್ಲರೂ ನಿನ್ನಿಂದ ಎಣಿಸುವುದನ್ನು ನೀನು ಮಾಡಬೇಕು ಎಂಬುದು ಅದರಿಂದ ಬಂದದ್ದು. ಒಂದೇ ಸೇತುವೆಯನ್ನು ಎರಡು ಭಾಷೆಗಳು ಎದುರುಬದುರು ದಡಗಳಿಂದ ದಾಟಿವೆ.

ನ್ಯಾಯಾಲಯದ ‘ಪ್ರಿಸ್ಯೂಮ್’ ಎಂಬುದನ್ನು ಕುರಿತು ನಾಲ್ಕು ಮಾತು. 1872ರ ಭಾರತ ಸಾಕ್ಷ್ಯ ಅಧಿನಿಯಮವು ತನ್ನ 4ನೆಯ ಪ್ರಕರಣದಲ್ಲಿ ಇದಕ್ಕೆ ಮೂರು ದರ್ಜೆಗಳನ್ನು ಮಾಡಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅವನ್ನು ಉಳಿಸಿಕೊಂಡಿದೆ. ನ್ಯಾಯಾಲಯವು ಒಂದು ಸಂಗತಿಯನ್ನು ಸಿದ್ಧವಾದದ್ದೆಂದು ಹಿಡಿಯಬಹುದು, ಅಥವಾ ರುಜುವಾತು ಕೇಳಬಹುದು, ಇದು ಮೊದಲನೆಯದು. ವಿರುದ್ಧವು ಸಿದ್ಧವಾಗುವ ತನಕ ಹಿಡಿಯಲೇಬೇಕು, ಇದು ಎರಡನೆಯದು. ವಿರುದ್ಧದ ಸಾಕ್ಷ್ಯವನ್ನೇ ಕೇಳಕೂಡದು, ಇದು ಮೂರನೆಯದು. ಕನ್ನಡದ ‘ಭಾವಿಸಬಹುದು’, ‘ಭಾವಿಸತಕ್ಕದ್ದು’ ಎಂಬ ಜೋಡಿಯು ಮೊದಲೆರಡನ್ನು ಚೊಕ್ಕವಾಗಿ ತರುತ್ತದೆ. ಹಿಂದಿಯವರು ಇದಕ್ಕಾಗಿಯೇ ‘ಉಪಧಾರಣಾ’ ಎಂಬ ಶಬ್ದವನ್ನು ನಿರ್ಮಿಸಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಮಾತ್ರ ಇದನ್ನು ‘ಊಹೆ’ ಎಂದು ಬರೆದು ನ್ಯಾಯಾಧೀಶರನ್ನು ಕಣಿ ಹೇಳುವವರನ್ನಾಗಿ ಮಾಡುವುದುಂಟು.

ಈ ಭೇದವು ಕೇವಲ ಪಂಡಿತರ ಚರ್ಚೆಯಲ್ಲ. ಒಬ್ಬನು ಜೀವಿಸಿದ್ದರೆ ಸ್ವಾಭಾವಿಕವಾಗಿ ಯಾರಿಗೆ ಸುದ್ದಿ ತಲುಪುತ್ತಿತ್ತೋ ಅವರಿಗೆ ಏಳು ವರ್ಷ ಯಾವ ಸುದ್ದಿಯೂ ಇಲ್ಲವಾದರೆ, ಅವನು ಬದುಕಿದ್ದಾನೆಂದು ಹೇಳುವವನೇ ಅದನ್ನು ಸಿದ್ಧಪಡಿಸಬೇಕೆಂದು ಅಧಿನಿಯಮ ಹೇಳುತ್ತದೆ. ಇದರಿಂದ ಅವನು ಸತ್ತನೆಂದು ಹಿಡಿಯಲು ಬರುತ್ತದೆ. ಎಂದು ಸತ್ತನೆಂಬುದನ್ನು ಹಿಡಿಯಲು ಬರುವುದಿಲ್ಲ. ಜೀವ ವಿಮಾ ನಿಗಮದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಇದನ್ನು ಸ್ಪಷ್ಟಪಡಿಸಿತು: ಮರಣದ ಕಾಲವನ್ನು ಹೇಳುವವನು ಅದನ್ನು ಬೇರೆಯಾಗಿಯೇ ಸಿದ್ಧಪಡಿಸಬೇಕು. ಕಂತು ಕಟ್ಟುವುದನ್ನು ನಿಲ್ಲಿಸಿ, ಕಾಣೆಯಾದ ದಿನವೇ ಸತ್ತನೆಂದು ನಂಬಿ ಏಳು ವರ್ಷ ಕಾದ ಸಂಸಾರಕ್ಕೆ ಆ ಒಂದು ಭೇದದಿಂದ ವಿಮೆಯ ಹಣವೇ ತಪ್ಪಬಹುದು. ‘ಸತ್ತನೆಂದು ಭಾವಿಸಲಾಗಿದೆ’ ಎಂಬ ವಾಕ್ಯವನ್ನು ಓದುವ ಹೆಂಡತಿಗೆ ಅದು ಶೋಕದ ವಾಕ್ಯ. ಕಾನೂನಿಗೆ ಅದು ರುಜುವಾತಿನ ಭಾರವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿಸುವ ವಾಕ್ಯ. ಎರಡೂ ಅರ್ಥಗಳನ್ನು ಹೊರಲು ‘ಭಾವಿಸು’ ಎಂಬ ಶಬ್ದಕ್ಕೆ ಬಲ ಸಾಲದು. ‘ಸತ್ತನೆಂದು ಹಿಡಿಯಲಾಗಿದೆ’ ಎಂದರೆ ಕಿವಿಗೆ ಒರಟಾದರೂ ಅರ್ಥ ನೇರ್ಪಾಗುತ್ತದೆ.

ಇದರ ನೆರೆಯವನಾದ ‘ಡೀಮ್’ ಎಂಬುದನ್ನು ಪುಣೆಯ ನಿವಾಸಿಗಳು ದಿನವೂ ಫಲಕಗಳಲ್ಲಿ ಓದುತ್ತಾರೆ. ಯರವಡೆಯ ಡೆಕ್ಕನ್ ಕಾಲೇಜು ‘ಅಭಿಮತ ವಿದ್ಯಾಪೀಠ’. ಕನ್ನಡದಲ್ಲಿ ಇಂಥವುಗಳಿಗೆ ‘ಪರಿಭಾವಿತ ವಿಶ್ವವಿದ್ಯಾಲಯ’ ಎಂದು ಬರೆಯುವುದುಂಟು, ಬಾಯಲ್ಲಿ ಮಾತ್ರ ‘ಡೀಮ್ಡ್’ ಎಂಬುದೇ ಉಳಿದಿದೆ. ‘ಪ್ರಿಸ್ಯೂಮ್’ ಎಂದು ಹಿಡಿದದ್ದು ನಿಜವಿರಲೂಬಹುದು. ‘ಡೀಮ್’ ಎಂದು ಹಿಡಿದದ್ದು ನಿಜವಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ನಿಜವೆಂಬಂತೆ ನಡೆದುಕೊಳ್ಳತಕ್ಕದ್ದು. ಭಾಸ್ಕರಾಚಾರ್ಯನ 6ಕ್ಕೆ ಶಾಸನದ ಮುದ್ರೆ ಬಿದ್ದಂತೆ ಇದು.

ಕೊನೆಯದಾಗಿ, ಮರಾಠಿಯ ನೆರೆಯಲ್ಲಿ ಬಾಳುವ ನಾವು ಎಚ್ಚರದಿಂದಿರಬೇಕಾದ ಎರಡು ಶಬ್ದಗಳು. ಸಂಸ್ಕೃತದ ‘ಅನುಮಾನ’ವು ಹೊಗೆಯಿಂದ ಬೆಂಕಿಯನ್ನು ತಿಳಿಯುವ ಪ್ರಮಾಣ, ಮರಾಠಿಯೂ ಅದನ್ನು ಆ ಗೌರವದಲ್ಲಿಯೇ ಇಟ್ಟಿದೆ. ಕನ್ನಡದ ಆಡುಮಾತಿನಲ್ಲಿ ಅದು ಸಂಶಯಕ್ಕಿಳಿದಿದೆ. ‘ಮಾಝಾ ಅನುಮಾನ’ ಎಂದು ಮರಾಠಿ ಸಹೋದ್ಯೋಗಿ ತನ್ನ ತರ್ಕದ ಫಲವನ್ನು ಹೇಳಿದ್ದನ್ನು ‘ಅವರಿಗೆ ನಮ್ಮ ಮೇಲೆ ಅನುಮಾನ’ ಎಂದು ಮನೆಗೆ ತಂದರೆ ಸ್ನೇಹ ಕೆಡುವುದಕ್ಕೆ ಬೇರೆ ಕಾರಣ ಬೇಡ.

ಎರಡನೆಯದು ‘ಗೃಹೀತ’. ‘ಗೃಹೀತ ಧರಣೇ’ ಎಂದರೆ ತರ್ಕದಲ್ಲಿ ಆಧಾರವಾಗಿ ಹಿಡಿಯುವುದು. ಸಂಸಾರದಲ್ಲಿ ಅದಕ್ಕೆ ಬೇರೊಂದು ಅರ್ಥ ಬೆಳೆದಿದೆ. ‘ಮಲಾ ಗೃಹೀತ ಧರೂ ನಕೋಸ’ ಎಂದು ಮರಾಠಿ ಹೆಣ್ಣುಮಗಳು ಗಂಡನಿಗೆ ಹೇಳುತ್ತಾಳೆ: ನಾನು ಇದ್ದೇ ಇರುತ್ತೇನೆ, ಮಾಡಿಯೇ ಮಾಡುತ್ತೇನೆ ಎಂದು ನನ್ನನ್ನು ಕೇಳದೆಯೇ ಎಣಿಸಬೇಡ. ಇಂಗ್ಲಿಷಿನ ‘ಸಪೋಜ್ಡ್ ಟು’ ಯಾರ ಎಣಿಕೆಯನ್ನು ಮುಚ್ಚಿಡುತ್ತದೆಯೋ ಅದನ್ನೇ ಈ ಮಾತು ಎಳೆದು ಹೊರಗಿಡುತ್ತದೆ. ಪುಣೆಯ ಕನ್ನಡ ಮನೆಗಳಲ್ಲಿ ಈಗ ‘ನನ್ನ ಗೃಹೀತ ಹಿಡೀಬ್ಯಾಡ್ರಿ’ ಎಂಬುದೂ ಕಿವಿಗೆ ಬೀಳುತ್ತದೆ. ಪ್ರಯೋಗಶುದ್ಧಿಯ ದೃಷ್ಟಿಯಿಂದ ಇದನ್ನು ತಳ್ಳಿಹಾಕುವವರು ಅದೇ ಭಾರವನ್ನು ಹೊರುವ ಕನ್ನಡ ಮಾತೊಂದನ್ನು ಮೊದಲು ತೋರಿಸಿಕೊಡಬೇಕು. ‘ಮಾಡ್ತಾಳ ಬಿಡು ಅಂತ ಕೂಡಬ್ಯಾಡ್ರಿ’ ಎಂಬ ಧಾರವಾಡದ ಮಾತು ಅದರ ಹತ್ತಿರಕ್ಕೆ ಬರುತ್ತದೆ.